ಮೀನು ಬದುಕಿದರೆ ಪಾಸು

ಬಣ್ಣದ ಕಾರ್ಖಾನೆಗಳ ಆ ಸಾಲಿನಲ್ಲಿ ಯಾವ ಗೇಟಿಗೆ ಬೇಕಾದರೂ ಹೋಗಿ, ಮೀನು ಮಾಸ್ಟರ್ ಎಲ್ಲಿ ಸಿಗುತ್ತಾರೆ ಎಂದು ಕೇಳಿ. ಕಾವಲಿನವನು ಸ್ಟೂಲಿನಿಂದ ಎದ್ದು ನಿಂತು ದಾರಿ ಹೇಳುತ್ತಾನೆ. ಯಜಮಾನರನ್ನು ಕೇಳಿದರೂ ಹಾಗೆ ಎದ್ದು ನಿಲ್ಲುವುದಿಲ್ಲ. ಒಬ್ಬ ಮನುಷ್ಯ ಅಷ್ಟು ದೊಡ್ಡವನಾಗಲು ಏನು ಮಾಡಿರಬೇಕು? ಇವನು ಮೀನು ಸಾಕಿದ. ಹೊಲಸು ನೀರಿನಲ್ಲಿ ಹಾಕಿದರೂ ಸಾಯದ ಮೀನು ಸಾಕಿದ. ನೀರು ತೊಳೆಯುವ ಯಂತ್ರವನ್ನು ಸ್ವಂತ ಕೈಯಿಂದ ಮಾಡಿದ್ದವನು, ಅದನ್ನು ಮನೆಯ ಹಿತ್ತಲಿನಲ್ಲಿ ಬಿಟ್ಟು ಮೀನು ಸಾಕಿದ. ಅವನ ಕಥೆ ಇಷ್ಟೇ. ಆದರೆ ಇಷ್ಟರಲ್ಲೇ ಎಷ್ಟು ಮಂದಿಯ ಮುಖಕ್ಕೆ ಮಸಿ ಹತ್ತಿತು ಎಂಬುದನ್ನು ಸಾವಕಾಶವಾಗಿಯೇ ಹೇಳಬೇಕು.

ಮೊದಲು ಅವನು ಬರೀ ಮಾಸ್ಟರ್. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ಬೆರೆಸುವವನನ್ನು ಹಾಗೆ ಕರೆಯುತ್ತಾರೆ. ಉದ್ದನೆಯ ಶೆಡ್ಡು, ಎರಡು ಕಡೆ ತೊಟ್ಟಿಗಳು, ತೊಟ್ಟಿಯ ಮೇಲೆ ಅಡ್ಡ ಕೋಲು, ಕೋಲಿಗೆ ನೇತಾಡುವ ನೂಲಿನ ಲಡಿಗಳು. ಕೆಲಸದವರು ಕೋಲು ತಿರುಗಿಸುತ್ತಾ ಲಡಿಯನ್ನು ಬಿಸಿನೀರಿನಲ್ಲಿ ಮುಳುಗಿಸುತ್ತಾರೆ, ಎತ್ತುತ್ತಾರೆ. ಆವಿ ಮೇಲೇರಿ ತಗಡಿನ ಚಾವಣಿಗೆ ತಾಗಿ ಅವರ ತಲೆಯ ಮೇಲೆಯೇ ತೊಟ್ಟಿಕ್ಕುತ್ತದೆ. ನೆಲ ಸದಾ ಜಾರು. ಮೂಲೆಯಲ್ಲಿ ಉಪ್ಪಿನ ಮೂಟೆಗಳು, ಏಕೆಂದರೆ ಉಪ್ಪಿಲ್ಲದೆ ಬಣ್ಣ ನೂಲಿಗೆ ಹತ್ತುವುದಿಲ್ಲ. ಕೆಲಸ ಮುಗಿದ ಮೇಲೆ ಬಣ್ಣ, ಉಪ್ಪು, ಸೋಡಾ ಎಲ್ಲ ಕಲಸಿದ ಆ ನೀರು ಹಿಂದಿನ ಮೋರಿಯಿಂದ ಕಾಲುವೆಗೆ. ಈ ಗದ್ದಲದ ಮಧ್ಯೆ ಮಾಸ್ಟರ್ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದ. ಉಗುರಿನ ಸಂದಿಯಲ್ಲಿ ಆ ವಾರದ ಬಣ್ಣ, ಜೇಬಿನಲ್ಲಿ ಸಾಲಾಗಿ ಪೆನ್ನುಗಳು, ಮುಖದ ಮೇಲೆ ತಾನು ಇಲ್ಲಿ ಇರಬೇಕಾದವನೇ ಅಲ್ಲ ಎಂಬ ಬಿಗುಮಾನ. ರಸಾಯನಶಾಸ್ತ್ರ ಓದುತ್ತಿದ್ದ ಕಾಲೇಜನ್ನು ತಾನೇ ಬಿಟ್ಟೆ ಎಂದು ಅವನು ಹೇಳುತ್ತಿದ್ದ. ಕಾಲೇಜೇ ಇವರನ್ನು ಬಿಟ್ಟಿತು ಎಂದು ಹೆಂಡತಿ ತಿದ್ದುತ್ತಿದ್ದಳು.

ಹೆಂಡತಿಯ ನಾಲಗೆ ಚೂಪು. ಆದರೂ ಗಂಡನನ್ನು ಅವಳು ಕರೆಯುತ್ತಿದ್ದದ್ದು 'ರೀ' ಎಂದೇ. ಅಕ್ಕಪಕ್ಕದವರು, ಅಂಗಡಿಯವನು, ಕೊನೆಗೆ ಅವಳ ತಮ್ಮ ಕೂಡ ಮಾಸ್ಟರ್ ಮಾಸ್ಟರ್ ಎನ್ನುತ್ತಿದ್ದರೂ ಅವಳ ಬಾಯಲ್ಲಿ ಆ ಪದ ಬರಲಿಲ್ಲ. "ಕಾರ್ಖಾನೆ ಹೆಸರು ಕಾರ್ಖಾನೆಯಲ್ಲೇ ಇರಲಿ. ಮನೆಗೆ ಬರೋವಾಗ ಚಪ್ಪಲಿ ಹೊರಗೆ ಬಿಡ್ತೀರಲ್ಲ, ಹಾಗೆ" ಎನ್ನುತ್ತಿದ್ದಳು.

ಯಂತ್ರ ಮಾಡಿದ್ದು ಮದುವೆಯಾದ ಹೊಸದರಲ್ಲಿ. ಆಗ ಅವನಿಗೆ ಇನ್ನೂ ಏನಾದರೂ ಮಾಡಬೇಕು ಎಂಬ ಹುಚ್ಚಿತ್ತು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರು ಡ್ರಮ್ಮು ನಿಲ್ಲಿಸಿದ. ಮೊದಲನೆಯದರಲ್ಲಿ ಇದ್ದಿಲು ಮತ್ತು ಮರಳು. ಕಾರ್ಖಾನೆಯಿಂದ ತಂದು ಸುರಿದ ನೀರಿನ ಬಣ್ಣ ಅಲ್ಲಿ ನಿಲ್ಲುತ್ತಿತ್ತು. ಎರಡನೆಯದರ ಕೆಳಗೆ ಸೀಮೆಎಣ್ಣೆ ಸ್ಟವ್. ನೀರು ಕುದಿದು, ಆವಿ ತಣ್ಣನೆಯ ತಗಡಿಗೆ ತಾಗಿ, ಹನಿಹನಿಯಾಗಿ ಮೂರನೆಯದಕ್ಕೆ ಇಳಿಯುತ್ತಿತ್ತು. ಅಲ್ಲಿ ಒಂದಿಷ್ಟು ಸುಣ್ಣಕಲ್ಲು, ಬೆಣಚುಕಲ್ಲು, ನೀರಿಗೆ ಮತ್ತೆ ಜೀವ ಬರಲಿ ಎಂದು. ಉಪ್ಪು ತಳದಲ್ಲಿ ಉಳಿಯುತ್ತಿತ್ತು, ಅದನ್ನೇ ಮತ್ತೆ ಬಣ್ಣಕ್ಕೆ ಬಳಸಬಹುದಿತ್ತು. ಕಾರ್ಖಾನೆಯಲ್ಲಾದರೆ ಸ್ಟವ್ ಕೂಡ ಬೇಡ, ಬಾಯ್ಲರಿನ ಚಿಮಣಿಯಿಂದ ಸುಮ್ಮನೆ ಆಕಾಶಕ್ಕೆ ಹೋಗುವ ಬಿಸಿಯೇ ಸಾಕು. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಯಂತ್ರ. ಈ ಕಥೆಯಲ್ಲಿ ಮರ್ಯಾದಸ್ಥ ಎಂದು ಕರೆಯಬಹುದಾದ ಪಾತ್ರ ಅದೊಂದೇ ಇರಬೇಕು.

ಅವನು ಅದನ್ನು ಯಜಮಾನನಿಗೆ ವಿವರಿಸಿದ. ಯಜಮಾನ ಅವನ ವಯಸ್ಸಿನವನೇ. ಅಪ್ಪ ಕಟ್ಟಿಟ್ಟ ಕಾರ್ಖಾನೆಯಲ್ಲಿ ಅಪ್ಪ ಕೂರುತ್ತಿದ್ದ ಕುರ್ಚಿಯ ಮೇಲೆ ಹೊಸ ದಿಂಬು ಹಾಕಿಸಿದ್ದೇ ಅವನ ಜೀವಮಾನದ ಸುಧಾರಣೆ. ಕಡ್ಡಿಯಿಂದ ಕಿವಿ ಕೆದಕುತ್ತಾ ಎಲ್ಲವನ್ನೂ ಕೇಳಿದ. "ಚೆನ್ನಾಗಿದೆ ಮಾಸ್ಟರ್. ಆದರೆ ಮೋರಿ ಇದೆಯಲ್ಲ?" ಎಂದ.

ಮಾತು ಅಲ್ಲಿಗೆ ಮುಗಿಯಿತು. ಮೋರಿ ಇತ್ತು, ನಿಜವೇ.

ಆಮೇಲೆ ನಿಯಮ ಬಂತು. ಕಾಲುವೆಯ ಕೆಳಗಿನ ಊರಿನವರು ಬಣ್ಣಬಣ್ಣದ ನೀರನ್ನು ಕೊಡಗಳಲ್ಲಿ ತುಂಬಿಕೊಂಡು ಹೋಗಿ ಇಲಾಖೆಯ ಮೆಟ್ಟಿಲ ಮೇಲೆ ಸುರಿದು ಬಂದದ್ದರಿಂದ ಬಂದ ನಿಯಮ ಅದು. ಮೊದಮೊದಲು ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸುತ್ತಿದ್ದರು. ಬಾಟಲಿಗಳು ಕಪಾಟಿನಲ್ಲಿ ಕೂತು ಕೂತು, ಯಾವುದು ಯಾರದು ಎಂದು ಗೊತ್ತಾಗದಂತಾಯಿತು. ಆಗ ಇಲಾಖೆಯ ಸಾಹೇಬರಿಗೆ ಒಂದು ಅದ್ಭುತ ಆಲೋಚನೆ ಹೊಳೆಯಿತು. ಪ್ರತಿ ಕಾರ್ಖಾನೆಯೂ ನೀರು ಹೊರಬೀಳುವ ಜಾಗದಲ್ಲಿ ಒಂದು ತೊಟ್ಟಿ ಕಟ್ಟಬೇಕು, ಅದರಲ್ಲಿ ಮೀನು ಬಿಡಬೇಕು. ತಪಾಸಣೆ ಮುಗಿಯುವವರೆಗೆ ಮೀನು ಬದುಕಿದರೆ ಪಾಸು, ಸತ್ತರೆ ಗೇಟಿಗೆ ಬೀಗ. "ಬಾಟಲಿ ಸುಳ್ಳು ಹೇಳಬಹುದು, ಮೀನು ಹೇಳಲ್ಲ" ಎಂದು ಸಾಹೇಬರು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಮೀನು ತಾನಾಗಿ ಹೇಳುವುದಿಲ್ಲ, ಸರಿ. ಅದರ ಬಾಯಿಂದ ಹೇಳಿಸುವವರು ಹುಟ್ಟಿಕೊಳ್ಳುತ್ತಾರೆ ಎಂಬುದು ಅಷ್ಟು ದೊಡ್ಡ ತಲೆಗೆ ಹೊಳೆಯಲಿಲ್ಲ.

ನಿಯಮದ ಸುದ್ದಿ ತಿಳಿದ ದಿನ ಮಾಸ್ಟರ್ ಮನೆಗೆ ಬಂದವನೇ ಹಿತ್ತಲಿಗೆ ಹೋಗಿ ಡ್ರಮ್ಮುಗಳ ಧೂಳು ಒರೆಸಿದ.

"ನೋಡೇ, ಇನ್ನು ಯಜಮಾನರಿಗೆ ಬೇರೆ ದಾರಿನೇ ಇಲ್ಲ. ನನ್ನ ಯಂತ್ರ ಹಾಕಿಸಲೇಬೇಕು."

"ಅವರಿಗೆ ದಾರಿ ಇಲ್ಲದೆ ಇರಬಹುದು, ರೀ. ಮೋರಿ ಇದೆಯಲ್ಲ" ಎಂದಳು ಹೆಂಡತಿ.

ಅವನು ಅಂಗಡಿಯಿಂದ ಕಿತ್ತಳೆ ಬಣ್ಣದ ಪುಟ್ಟ ಮೀನುಗಳನ್ನು ತಂದು ಕಾರ್ಖಾನೆಯ ಹೊಸ ತೊಟ್ಟಿಗೆ ಬಿಟ್ಟ. ಅವು ಒಂದು ಸುತ್ತು ಹೊಡೆದು, ಹೊಟ್ಟೆ ಮೇಲಾಗಿ ತೇಲಿದವು. ಚೀಲದಲ್ಲಿ ಉಳಿದಿದ್ದ ಮೂರನ್ನು ಮನೆಗೆ ತಂದು, ತನ್ನ ಯಂತ್ರದ ನೀರು ತುಂಬಿದ ಗಾಜಿನ ಜಾಡಿಗೆ ಹಾಕಿದ. ಅವು ಬದುಕಿದವು. ಬದುಕಿದ್ದು ಮಾತ್ರವಲ್ಲ, ಹೊಟ್ಟೆಬಾಕಗಳಾಗಿ ಬೆಳೆದವು. ಹೆಂಡತಿ ಜಾಡಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಪಾತ್ರೆ ತೊಳೆಯುತ್ತಾ ಅವುಗಳ ಜೊತೆ ಮಾತಾಡುತ್ತಿದ್ದಳು. ಗಂಡನ ಜೊತೆ ಮಾತಾಡಿದರೆ ಸಿಗುವಷ್ಟೇ ಉತ್ತರ ಇವುಗಳಿಂದಲೂ ಸಿಗುತ್ತದೆ, ಇವು ಕಾಲೇಜಿನ ಸುದ್ದಿ ಎತ್ತುವುದಿಲ್ಲ ಎಂಬುದೊಂದು ಲಾಭ ಎನ್ನುತ್ತಿದ್ದಳು.

ಮಾಸ್ಟರ್ ಆ ಜಾಡಿಯನ್ನು ಎದೆಗವಚಿಕೊಂಡು ಯಜಮಾನನ ಕೋಣೆಗೆ ಹೋದ. ಯಜಮಾನ ಮೀನುಗಳನ್ನು ನೋಡಿದ, ಮಾಸ್ಟರನ್ನು ನೋಡಿದ.

"ಮಾಸ್ಟರ್, ನಿಯಮ ಏನು ಹೇಳುತ್ತೆ? ನೀರು ಚೊಕ್ಕ ಇರಬೇಕು ಅಂತಾನಾ, ಮೀನು ಬದುಕಿರಬೇಕು ಅಂತಾನಾ?"

"ಮೀನು ಬದುಕಿರಬೇಕು ಅಂತ. ಆದರೆ ಅದರ ಅರ್ಥ..."

"ಅರ್ಥ ಯಾರು ಕೇಳಿದರು? ನೀನು ಮೀನು ನೋಡು. ನೀರಿನ ತಂಟೆಗೆ ಯಾಕೆ ಹೋಗ್ತೀಯ?" ಯಜಮಾನ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ನಮ್ಮ ನೀರಲ್ಲೇ ಸಾಯದೆ ಇರೋ ಮೀನು ಎಲ್ಲಾದರೂ ಇರಬೇಕು. ಅದನ್ನ ಹುಡುಕೋದು ಎಲ್ಲರ ಕೈಲಿ ಆಗೋ ಕೆಲಸ ಅಲ್ಲ. ನಿನ್ನಂಥ ಓದಿದವನೇ ಬೇಕು. ಇದೊಂದು ತಪಾಸಣೆ ದಾಟಿಸು, ಆಮೇಲೆ ನಿನ್ನ ಯಂತ್ರದ ವಿಷಯ ಕೂತು ಮಾತಾಡೋಣ."

ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿದ್ದ. ಓದಿದವನು ಎಂದು ಯಾರಾದರೂ ಕರೆದರೆ ಸಾಕು, ಮಾಸ್ಟರ್ ಬೆಂಕಿಗೂ ಇಳಿಯುತ್ತಿದ್ದ. ಜಾಡಿಯನ್ನು ಮನೆಗೆ ಮರಳಿಸಿ, ಬಕೆಟ್ಟು ಬಲೆ ಹಿಡಿದುಕೊಂಡು ಊರಿನ ಗಟಾರಗಳಿಗೆ ಇಳಿದ.

ಅವನಿಗೆ ಬೇಕಾದ ಮೀನು ಸಿಕ್ಕಿದ್ದು ಚರ್ಮದ ಮಂಡಿಯ ಹಿಂದಿನ ಚರಂಡಿಯಲ್ಲಿ. ಕಪ್ಪಗೆ, ಮೀಸೆ ಇದ್ದ, ಅಂಟಂಟು ಮೈಯ ಮೀನು. ನೀರಿನಲ್ಲಿ ಉಸಿರಾಡಲು ಆಗದಿದ್ದರೆ ಮೇಲೆ ಬಂದು ಗಾಳಿ ನುಂಗಿ ಹೋಗುವ ಜಾತಿ. ಅದನ್ನು ತಂದು ಟಬ್ಬಿನಲ್ಲಿಟ್ಟು ದಿನಕ್ಕೊಂದು ಲೋಟ ಬಣ್ಣದ ನೀರು ಬೆರೆಸುತ್ತಾ ಹೋದ. ಸತ್ತವನ್ನು ಎಸೆದ, ಉಳಿದವನ್ನು ಮರಿ ಮಾಡಿಸಿದ, ಆ ಮರಿಗಳಿಗೆ ಇನ್ನಷ್ಟು ಉಪ್ಪು, ಇನ್ನಷ್ಟು ಬಿಸಿ ಅಭ್ಯಾಸ ಮಾಡಿಸಿದ. ಯಂತ್ರ ಕಟ್ಟುವಾಗ ಎಷ್ಟು ಶ್ರದ್ಧೆಯಿತ್ತೋ ಈಗಲೂ ಅಷ್ಟೇ. ಅದೇ ಹೊಟ್ಟೆ ಉರಿಸುವ ಸಂಗತಿ. ಅವನು ಸೋಮಾರಿಯಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬುದ್ಧಿ, ತಾಳ್ಮೆ, ಕೈಚಳಕ ಎಲ್ಲ ಇದ್ದ ಮನುಷ್ಯ ಅವನ್ನೆಲ್ಲ ಒಂದು ಮೂಕ ಪ್ರಾಣಿಗೆ ವಿಷ ಒಗ್ಗಿಸಲು ಸುರಿದ.

"ಅಷ್ಟು ಕಷ್ಟಪಟ್ಟು ಮೀನಿಗೆ ಅಭ್ಯಾಸ ಮಾಡಿಸೋ ಬದಲು ಯಜಮಾನರಿಗೇ ಮಾಡಿಸಬಹುದಿತ್ತಲ್ಲ, ರೀ" ಎಂದಳು ಹೆಂಡತಿ.

"ನಿಂಗೆ ಅರ್ಥ ಆಗಲ್ಲ. ಇದು ಸಂಶೋಧನೆ."

ತಪಾಸಣೆಯ ದಿನ ಸಾಹೇಬರು ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ನೀರು ಹಸಿರೋ ನೇರಳೆಯೋ ಎಂದು ಹೇಳಲಾಗದ ಬಣ್ಣದಲ್ಲಿ ಮಿನುಗುತ್ತಿತ್ತು, ವಾಸನೆಗೆ ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದಿದ್ದರು. ಅದರೊಳಗೆ ಮಾಸ್ಟರನ ಮೀನುಗಳು ಮೀಸೆ ಅಲ್ಲಾಡಿಸುತ್ತಾ ಓಡಾಡಿಕೊಂಡಿದ್ದವು. ಕರವಸ್ತ್ರದ ಹಿಂದಿನಿಂದಲೇ ಸಾಹೇಬರು "ಪಾಸು" ಎಂದರು. ನಿಯಮದಲ್ಲಿ ಮೀನಿನ ಮಾತಿತ್ತು, ಮೂಗಿನ ಮಾತಿರಲಿಲ್ಲ.

ಆಮೇಲೆ ಮಾಸ್ಟರ್ ಯಂತ್ರದ ವಿಷಯ ಎತ್ತಿದ. ಯಜಮಾನ ಆಶ್ಚರ್ಯದಿಂದ ಅವನ ಮುಖ ನೋಡಿದ. "ಪಾಸಾಯ್ತಲ್ಲ. ಈಗ ಯಾಕೆ?"

ಬಾಗಿಲು ತಾನೇ ಮುಚ್ಚಿ ಬಂದವನು ಯಾರನ್ನು ಬಯ್ಯಬೇಕು? ಸಮಾಧಾನಕ್ಕೆ ಅವನಿಗೆ ಒಂದು ಕೋಣೆ ಸಿಕ್ಕಿತು. ಬಾಗಿಲ ಮೇಲೆ 'ಸಂಶೋಧನಾ ವಿಭಾಗ' ಎಂಬ ಬೋರ್ಡು, ಒಳಗೆ ಟಬ್ಬುಗಳು. ಆ ಬೋರ್ಡಿನ ಕೆಳಗೆ ನಿಂತಾಗ ಅವನ ಎದೆ ಉಬ್ಬುತ್ತಿತ್ತು. ಯಂತ್ರಕ್ಕೆ ಅವನು ಎಳ್ಳುನೀರು ಬಿಟ್ಟದ್ದು ಹೀಗೆ, ಸದ್ದಿಲ್ಲದೆ. ಹಿತ್ತಲಿನಲ್ಲಿ ಅದನ್ನು ನಡೆಸುತ್ತಿದ್ದವಳು ಹೆಂಡತಿ ಒಬ್ಬಳೇ. ಜಾಡಿಯ ನೀರು ಬದಲಿಸಬೇಕಾದಾಗ ಸ್ಟವ್ ಹಚ್ಚಿ, ಸೆರಗಿನಿಂದ ತಗಡು ಒರೆಸಿ, ಹನಿ ಬೀಳುವುದನ್ನು ನೋಡುತ್ತಾ ಕೂರುತ್ತಿದ್ದಳು.

ಸುದ್ದಿ ಹರಡಲು ತಡವಾಗಲಿಲ್ಲ. ಸಾಲಿನ ಉಳಿದ ಕಾರ್ಖಾನೆಗಳವರು ಮರಿ ಕೇಳಿಕೊಂಡು ಬಂದರು. ಅಲ್ಲಿಂದ ಅವನು ಮೀನು ಮಾಸ್ಟರ್ ಆದ. ಎಲ್ಲ ತೊಟ್ಟಿಯಲ್ಲೂ ಅವನ ಮೀನು, ಎಲ್ಲ ಕಾರ್ಖಾನೆಯೂ ಪಾಸು, ಕಾಲುವೆಯ ನೀರು ಮಾತ್ರ ಮೊದಲಿಗಿಂತ ಮಂದ. ಕೊನೆಗೆ ಇಲಾಖೆಯೇ ಒಂದು ದೊಡ್ಡ ಸಭೆ ಕರೆಯಿತು. ಕೋಟು ಹಾಕಿದ ಪಂಡಿತರೊಬ್ಬರು ಎದ್ದು ನಿಂತು, ನಿಯಮಗಳು ಬಿಗಿಯಾದಷ್ಟೂ ಕೈಗಾರಿಕೆಯ ಬುದ್ಧಿ ಚುರುಕಾಗುತ್ತದೆ, ಅದಕ್ಕೆ ಈ ಸಾಲೇ ಸಾಕ್ಷಿ ಎಂದರು. ಪಾಪ, ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬುದ್ಧಿ ಚುರುಕಾಗಿತ್ತು. ಯಾವ ಕಡೆಗೆ ಚುರುಕಾಗಿದೆ ಎಂದು ನೋಡಲು ಅವರು ಕಾಲುವೆಯ ತನಕ ನಡೆಯಬೇಕಿತ್ತು, ಅಷ್ಟು ಹೊತ್ತಿಗೆ ಊಟದ ಕರೆ ಬಂತು.

ಅದೇ ಸಭೆಯಲ್ಲಿ ಸಾಹೇಬರು ಮಾಸ್ಟರನ್ನು ವೇದಿಕೆಗೆ ಕರೆದು ಕೇಳಿದರು. "ಬೇರೆ ಜಾತಿ ಮೀನಿನಿಂದಲೂ ಪರೀಕ್ಷೆ ಮಾಡಬಹುದಾ?"

ಆಗ ಅವನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ಮೈಕು ಕೈಗೆ ಸಿಕ್ಕಿತ್ತು, ಎದುರಿಗೆ ಜನ ಇದ್ದರು. "ಆಗೋದಿಲ್ಲ ಸಾಹೇಬರೇ. ಬೇರೆ ಮೀನು ನಂಬೋ ಹಾಗಿಲ್ಲ. ನಮ್ಮದೇ ಆಗಬೇಕು" ಎಂದ. ಮರುವಾರ ನಿಯಮಕ್ಕೆ ಹೊಸ ಸಾಲು ಸೇರಿತು. ಮೀಸೆಯ ಕಪ್ಪು ಮೀನೇ ಪ್ರಮಾಣಿತ ಮೀನು, ಇನ್ನಾವ ಮೀನಿನ ಪರೀಕ್ಷೆಯೂ ಚಲಾವಣೆಗೆ ಬರದು. ಮಾಸ್ಟರ್ ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ಜಾಡಿಯ ಕಡೆ ತಿರುಗಿ, "ಕೇಳಿದ್ರಾ, ನೀವು ಮೀನೇ ಅಲ್ಲವಂತೆ" ಎಂದಳು.

ಇಷ್ಟಾದ ಮೇಲೆ ಅವರೆಲ್ಲರೂ ಸುಖವಾಗಿಯೇ ಇರಬೇಕಿತ್ತು. ಆದರೆ ನೀರು ನಿಯಮ ಓದಿಕೊಂಡು ಹರಿಯುವುದಿಲ್ಲ. ಕಾಲುವೆಯ ಬಣ್ಣ ನೆಲಕ್ಕೆ ಇಂಗಿ ಇಂಗಿ ಕಾರ್ಖಾನೆಯ ಕೊಳವೆಬಾವಿಗೇ ಇಳಿಯಿತು. ಒಂದು ದಿನ ತಿಳಿ ಹಳದಿ ಬಣ್ಣ ಹಾಕಿದ ನೂಲು ಕೋಲಿನ ಮೇಲೆ ಕೆಸರು ಹಸಿರಾಗಿ ಎದ್ದಿತು. ಮತ್ತೆ ಹಾಕಿದರೂ ಅದೇ. ತಿಳಿ ಗುಲಾಬಿ ಕಂದಾಯಿತು, ಬಿಳಿ ಬೂದಿಯಾಯಿತು. ಮಾಲು ತೆಗೆದುಕೊಳ್ಳುವವರು ಮುಖದ ಮೇಲೆ ಎಸೆದಂತೆ ವಾಪಸು ಕಳಿಸಿದರು. ಕಪ್ಪು ಒಂದು ಬಿಟ್ಟು ಬೇರಾವ ಬಣ್ಣವನ್ನೂ ಹಾಕಲು ಆಗದ ಬಣ್ಣದ ಕಾರ್ಖಾನೆಯನ್ನು ಇಟ್ಟುಕೊಂಡು ಏನು ಮಾಡುವುದು? ತಾನು ಉಗಿದದ್ದು ತನ್ನ ಲೋಟಕ್ಕೇ ಬಂದಾಗ ಯಜಮಾನನಿಗೆ ಹಿತ್ತಲಿನ ಯಂತ್ರ ನೆನಪಾಯಿತು.

ಅವನು ಮೊದಲ ಸಲ ಮಾಸ್ಟರನ ಮನೆಗೆ ಬಂದ. ಹಿತ್ತಲಿಗೆ ಹೋಗಿ ಡ್ರಮ್ಮಿನಿಂದ ಬೀಳುವ ಹನಿಗೆ ಅಂಗೈ ಒಡ್ಡಿದ, ಕಿಟಕಿಯ ಜಾಡಿಯಲ್ಲಿ ಈಜುತ್ತಿದ್ದ ಮೀನುಗಳನ್ನು ನೋಡಿದ.

"ಮಾಸ್ಟರ್, ಇಷ್ಟು ದಿನ ಇದು ಎಲ್ಲಿತ್ತು?"

"ಇಲ್ಲೇ ಇತ್ತು. ನೀವೇ ಬಂದಿರಲಿಲ್ಲ" ಎಂದಳು ಹೆಂಡತಿ, ಟೀ ಲೋಟ ಮುಂದಿಟ್ಟು.

ಯಂತ್ರವನ್ನು ದೊಡ್ಡದಾಗಿ ಕಟ್ಟಿದರು. ಆ ತಿಂಗಳುಗಳಲ್ಲಿ ಮಾಸ್ಟರ್ ಬೇರೆಯೇ ಮನುಷ್ಯನಾಗಿದ್ದ ಎಂದು ಒಪ್ಪಿಕೊಳ್ಳಬೇಕು. ಜೇಬಿನ ಪೆನ್ನುಗಳನ್ನು ಮನೆಯಲ್ಲೇ ಬಿಟ್ಟು, ವೆಲ್ಡಿಂಗಿನವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಚಿಮಣಿಗೆ ಕೊಳವೆ ಸುತ್ತಿಸಿದ. ಸಂಜೆ ಮನೆಗೆ ಬಂದು ಕಾಲೇಜಿನ ಸುದ್ದಿ ಎತ್ತದೆ ಊಟ ಮಾಡಿದ. ಮೊದಲ ಸಲ ನೀರು ಇಳಿದ ದಿನ ಅದನ್ನು ಸ್ಟೀಲ್ ಲೋಟದಲ್ಲಿ ಹಿಡಿದು ಹೆಂಡತಿಗೆ ತಂದುಕೊಟ್ಟ. ಅವಳು ಬೆಳಕಿಗೆ ಹಿಡಿದು ನೋಡಿ, ಒಂದು ಗುಟುಕು ಕುಡಿದು, "ಮನೆಯದರ ಹಾಗೇ ಇದೆ, ರೀ" ಎಂದಳು. ಅವನ ಕಣ್ಣು ತುಂಬಿ ಬಂತು. ಜೀವನದಲ್ಲಿ ಒಂದೇ ಒಂದು ಸಲ ಅವನಿಗೆ ಸಿಕ್ಕ ನಿಜವಾದ ಬಹುಮಾನ ಅದು.

ಆದರೆ ಯಂತ್ರ ನಡೆಸಲು ಇಲಾಖೆಯ ಒಪ್ಪಿಗೆ ಬೇಕಿತ್ತು, ಒಪ್ಪಿಗೆಗೆ ಮೀನು ಬದುಕಬೇಕಿತ್ತು. ತಪಾಸಣೆಯ ದಿನ ಯಜಮಾನ ಫೋಟೋದವನನ್ನು ಕರೆಸಿದ್ದ. ಹೆಂಡತಿಯೂ ಬಂದಿದ್ದಳು, ಕೈಯಲ್ಲಿ ಜಾಡಿ. ಇಷ್ಟು ವರ್ಷ ತನ್ನ ಯಂತ್ರದ ನೀರು ಕುಡಿದ ಮೀನುಗಳು ದೊಡ್ಡ ಯಂತ್ರ ನೋಡಬೇಡವೇ ಎಂದು ಅವಳೇ ಹಟ ಹಿಡಿದು ತಂದಿದ್ದಳು. ತೊಟ್ಟಿಯ ತಳದ ಕಲ್ಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಸಾಹೇಬರು ಕರವಸ್ತ್ರ ಜೇಬಿಗೆ ಹಾಕಿಕೊಂಡರು. ಕಪ್ಪು ಮೀನುಗಳನ್ನು ತೊಟ್ಟಿಗೆ ಬಿಟ್ಟರು.

ಅವು ಒದ್ದಾಡಿದವು. ಒಂದರ ಮೇಲೊಂದು ಬಿದ್ದು ಗೋಡೆಗೆ ಮೂತಿ ಬಡಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಹೊಟ್ಟೆ ಮೇಲಾದವು.

ಮಾಸ್ಟರನಿಗೆ ಕಾರಣ ಆ ಕ್ಷಣವೇ ತಿಳಿಯಿತು. ತಲೆತಲಾಂತರದಿಂದ ಉಪ್ಪು, ಸೋಡಾ, ಬಿಸಿನೀರಿಗೆ ಒಗ್ಗಿಸಿದ ಮೀನನ್ನು ತಣ್ಣಗಿನ ಚೊಕ್ಕ ನೀರಿಗೆ ಬಿಟ್ಟರೆ ಇನ್ನೇನಾಗುತ್ತದೆ? ಹೊಲಸನ್ನು ಕುಡಿಯಲು ಕಲಿಸಿದವನು ಅವನೇ. ಯಂತ್ರದ ಗಡಿಬಿಡಿಯಲ್ಲಿ ಈ ಒಂದು ವಿಷಯ ಮಾತ್ರ ಅವನ ಓದಿದ ತಲೆಗೆ ಬಂದಿರಲಿಲ್ಲ.

"ನೀರಲ್ಲಿ ಏನೋ ವಿಷ ಇದೆ" ಎಂದರು ಸಾಹೇಬರು. "ನೋಡೋಕೆ ಚೊಕ್ಕ ಇದೆ, ಆದರೆ ಮೀನು ಸುಳ್ಳು ಹೇಳಲ್ಲ."

ಹೆಂಡತಿ ಜಾಡಿಯನ್ನು ಮುಂದೆ ಚಾಚಿದಳು. "ಇವನ್ನ ಬಿಟ್ಟು ನೋಡಿ, ಸಾಹೇಬರೇ. ಇವು ಈ ನೀರಲ್ಲೇ ಬೆಳೆದಿರೋದು."

"ಅದು ಪ್ರಮಾಣಿತ ಮೀನಲ್ಲ, ಅಮ್ಮಾ. ಬೇರೆ ಮೀನು ನಂಬಬೇಡಿ ಅಂತ ನಿಮ್ಮ ಮನೆಯವರೇ ಹೇಳಿದ್ದಾರೆ." ಸಾಹೇಬರು ಮಾಸ್ಟರನ ಕಡೆ ತಿರುಗಿದರು. "ಇದಕ್ಕೆ ಕಾರಣ ಏನು? ನೀವೇ ಹೇಳಿ. ಕಾರಣ ಇದ್ದರೆ ಕೇಳ್ತೀನಿ. ಇಲ್ಲ ಅಂದರೆ ಯಂತ್ರ ಬಿಚ್ಚಿಸಿ, ಗೇಟಿಗೆ ಬೀಗ ಹಾಕಬೇಕಾಗುತ್ತೆ."

ಕೇಳಿದ್ದು ನೇರ ಪ್ರಶ್ನೆ, ಉತ್ತರ ಒಂದೇ ಮಾತಿನದು. ಈ ಮೀನು ಸುಳ್ಳು, ನಾನೇ ಕಲಿಸಿದ ಸುಳ್ಳು. ಅಷ್ಟು ಹೇಳಿದ್ದರೆ ಯಂತ್ರ ಉಳಿಯುತ್ತಿತ್ತೋ ಇಲ್ಲವೋ, ಅದನ್ನು ಮಾಡಿದವನು ಉಳಿಯುತ್ತಿದ್ದ. ಆದರೆ ಅಷ್ಟು ಹೇಳಿದರೆ ಸಾಲಿನ ಎಲ್ಲ ಕಾರ್ಖಾನೆಗಳ ಪಾಸೂ ಸುಳ್ಳು, ಬಾಗಿಲ ಮೇಲಿನ ಬೋರ್ಡು ಸುಳ್ಳು, ವೇದಿಕೆ ಸುಳ್ಳು. ಯಜಮಾನ ಕಣ್ಣು ಪಿಳುಕಿಸದೆ ಅವನನ್ನೇ ನೋಡುತ್ತಿದ್ದ. ಹೆಂಡತಿಯೂ ಅವನನ್ನೇ ನೋಡುತ್ತಿದ್ದಳು.

"ನೀರು ಇನ್ನೂ ಹದಕ್ಕೆ ಬಂದಿಲ್ಲ, ಸಾಹೇಬರೇ" ಎಂದ ಮಾಸ್ಟರ್. "ಟೀ ಕುಡಿದು ಬನ್ನಿ. ಅಷ್ಟರಲ್ಲಿ ಸರಿ ಮಾಡ್ತೀನಿ."

ಎಲ್ಲರೂ ಆಫೀಸಿನ ಕಡೆ ಹೋದರು, ಹೆಂಡತಿಯನ್ನೂ ಯಜಮಾನ ಮರ್ಯಾದೆಯಿಂದ ಕರೆದುಕೊಂಡು ಹೋದ. ಮಾಸ್ಟರ್ ಒಬ್ಬನೇ ಉಳಿದ. ಹಳೆಯ ಮೋರಿಯ ಕೊಳವೆಯ ವಾಲ್ವನ್ನು ತೊಟ್ಟಿಯ ಕಡೆಗೆ ತಿರುಗಿಸಿದ. ಉಪ್ಪುನೀರು ಬಿಸಿಬಿಸಿಯಾಗಿ ಒಳಗೆ ನುಗ್ಗಿತು. ಅಂದು ತಿಳಿ ಬಣ್ಣದ ಕೆಲಸ ನಡೆದಿದ್ದರಿಂದ ನೀರು ಹೆಚ್ಚೇನೂ ಕದಡಲಿಲ್ಲ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಸತ್ತ ಮೀನುಗಳನ್ನು ಬಲೆಯಲ್ಲಿ ಎತ್ತಿ ಗೋಡೆಯಾಚೆ ಎಸೆದು, ಟಬ್ಬಿನಿಂದ ಬೇರೆ ತಂದು ಬಿಟ್ಟ. ಅವು ಮನೆಗೆ ಬಂದಂತೆ ಮೀಸೆ ಕುಣಿಸಿದವು.

ಸಾಹೇಬರು ಮರಳಿ ಬಂದು ನೋಡಿ ತಲೆದೂಗಿದರು. ಪಾಸು ಕೊಟ್ಟರು, ಜೊತೆಗೆ ಒಂದು ಷರತ್ತು. ತೊಟ್ಟಿಯ ನೀರು ಸದಾ ಇಂದು ಇದ್ದ ಹದದಲ್ಲೇ ಇರಬೇಕು. ಅಲ್ಲಿಗೆ ಯಂತ್ರ ನೀರನ್ನು ತೊಳೆಯುವುದು, ವಾಲ್ವು ಅದನ್ನು ಮತ್ತೆ ಕೊಳೆ ಮಾಡುವುದು, ಕಾಲುವೆಗೆ ಹೋಗುವುದು ಮೊದಲಿನದೇ. ಚೊಕ್ಕ ನೀರು ಯಜಮಾನನ ತಿಳಿ ಹಳದಿಗೆ ಮಾತ್ರ. ಯಜಮಾನ ಮಾಸ್ಟರನ ಬೆನ್ನು ತಟ್ಟಿ ಫೋಟೋದವನನ್ನು ಕೂಗಿದ.

ಎಲ್ಲರೂ ತೊಟ್ಟಿಯ ಹಿಂದೆ ಸಾಲಾಗಿ ನಿಂತರು. ಫೋಟೋದವನು ಕ್ಯಾಮೆರಾದಿಂದ ತಲೆ ಎತ್ತಿ, "ಈ ಕಪ್ಪು ಮೀನು ಕಾಣೋದೇ ಇಲ್ಲ" ಎಂದ.

"ಹೌದಲ್ಲ. ಅಮ್ಮಾ, ನಿಮ್ಮ ಮೀನು ಬಿಟ್ಟರೆ ಚೆನ್ನಾಗಿ ಕಾಣುತ್ತೆ" ಎಂದ ಯಜಮಾನ. "ಹೇಗಿದ್ದರೂ ಅದೇ ನೀರು ಅಂದಿರಲ್ಲ."

ಹೆಂಡತಿಯ ಮುಖ ಅರಳಿತು. ಇಷ್ಟು ಹೊತ್ತು ಮೀನೇ ಅಲ್ಲ ಎನಿಸಿಕೊಂಡವುಗಳಿಗೆ ಈಗ ಜಾಗ ಸಿಕ್ಕಿತ್ತು. ಜಾಡಿಯ ಮುಚ್ಚಳ ತೆಗೆದು, ತೊಟ್ಟಿಯ ಅಂಚಿಗೆ ಬಾಗಿ, ಗಂಡನ ಕಡೆ ತಿರುಗಿದಳು. ಅವಳಿಗೆ ವಾಲ್ವಿನ ಸಂಗತಿ ಗೊತ್ತಿರಲಿಲ್ಲ.

"ಬಿಡಬಹುದಾ, ರೀ?"

ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಮಾಸ್ಟರ್ ಕ್ಯಾಮೆರಾದ ಕಡೆ ನೋಡುತ್ತಲೇ ಹೇಳಿದ.

"ಬಿಡು. ಏನೂ ಆಗಲ್ಲ."

ಅವಳು ಜಾಡಿ ಬಗ್ಗಿಸಿದಳು. ಮೂರೂ ಮೀನುಗಳು ಜಾರಿ ಇಳಿದು ಒಂದು ಸುತ್ತು ಹೊಡೆದವು. ಫೋಟೋದವನು ಎಲ್ಲರೂ ಇತ್ತ ನೋಡಿ ಎಂದ. ಎಲ್ಲರೂ ನೋಡಿದರು, ಅವಳನ್ನು ಬಿಟ್ಟು. ಅವಳು ಕೊನೆಯವರೆಗೂ ತೊಟ್ಟಿಯನ್ನೇ ನೋಡುತ್ತಿದ್ದಳು. ಮೀನುಗಳು ತೇಲಿದವು. ನೀರಿಗೆ ಒಂದು ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡಳು. ಉಪ್ಪಾಗಿತ್ತು. ಮೂರನ್ನೂ ಕೈಯಿಂದಲೇ ಎತ್ತಿ ಜಾಡಿಗೆ ಹಾಕಿಕೊಂಡು ಒಬ್ಬಳೇ ಗೇಟು ದಾಟಿ ಹೋದಳು. ಸಾಹೇಬರು ಅದನ್ನು ನೋಡಿ, "ಅದಕ್ಕೇ ಹೇಳೋದು, ಬೇರೆ ಮೀನು ನಂಬೋ ಹಾಗಿಲ್ಲ ಅಂತ" ಎಂದರು.

ಆ ಫೋಟೋ ಈಗಲೂ ಸಂಶೋಧನಾ ವಿಭಾಗದ ಗೋಡೆಯ ಮೇಲಿದೆ. ಅದರಲ್ಲಿ ನೀರು ಸೊಗಸಾಗಿದೆ, ಯಜಮಾನ ಹಲ್ಲು ಕಿರಿದಿದ್ದಾನೆ, ಮೀನುಗಳು ಬದುಕಿವೆ. ನೋಡಲು ಬಂದವರಿಗೆ ಮಾಸ್ಟರ್ ಎಲ್ಲವನ್ನೂ ವಿವರಿಸುತ್ತಾನೆ, ತೊಟ್ಟಿಯತ್ತ ಬಾಗಿರುವ ಹೆಂಗಸು ಯಾರು ಎಂದು ಕೇಳಿದರೆ ಮಾತ್ರ ಮಾತು ಬದಲಿಸುತ್ತಾನೆ.

ಆ ಸಂಜೆ ಅವನು ಮನೆಗೆ ಬಂದಾಗ ಜಾಡಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿತ್ತು. ಹಿತ್ತಲಿನ ಸ್ಟವ್ ಮೂಲೆ ಸೇರಿತ್ತು. ಅವನು ಹೊರಗಿನ ಕೋಣೆಯಲ್ಲಿ ಕೂತು, ಅವಳು ಬಯ್ಯಲಿ ಎಂದು ಕಾದ. ಇಷ್ಟ ಬಂದಷ್ಟು ಬಯ್ಯಲಿ, ಕಾಲೇಜಿನಿಂದಲೇ ಶುರು ಮಾಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಒಳಗೆ ಪಾತ್ರೆಗಳ ಸದ್ದು ಮಾಮೂಲಿನಂತೆ ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ಅಡುಗೆಮನೆಯ ಬಾಗಿಲಿನಿಂದ, ಗೇಟಿನ ಕಾವಲಿನವನು ಕರೆಯುವಷ್ಟೇ ಮರ್ಯಾದೆಯಿಂದ, ಅವಳು ಕರೆದಳು.

"ಮೀನು ಮಾಸ್ಟರೇ, ಊಟಕ್ಕೆ ಬನ್ನಿ."